ಈಜು ಬಲ್ಲವರನ್ನೂ ತಣ್ಣೀರು ಮೊದಲ ನಿಮಿಷದಲ್ಲೇ ಸೋಲಿಸುವುದೇಕೆ?

ಪ್ರಶ್ನೆ: ನಾನು ತೀರ್ಥಹಳ್ಳಿಯವನು, ಚಿಕ್ಕಂದಿನಿಂದ ತುಂಗೆಯಲ್ಲಿ ಈಜಿ ಬೆಳೆದವನು. ಮಳೆಗಾಲದ ಸೆಳವಿಗೆ ಬಿಟ್ಟರೆ ನೀರಿಗೆ ಹೆದರಿದ್ದಿಲ್ಲ. ಆರು ವರ್ಷಗಳಿಂದ ಅಮೆರಿಕದ ಸಿಯಾಟಲ್ ಪಕ್ಕದ ಬೆಲ್‌ವ್ಯೂನಲ್ಲಿ ಕೆಲಸದಲ್ಲಿದ್ದೇನೆ. ಈಚೆಗೆ ಇಬ್ಬರು ಕೂರುವ ಕಯಾಕ್ (ಉದ್ದನೆಯ, ಕಿರಿದಾದ ಹುಟ್ಟಿನ ದೋಣಿ) ಒಂದನ್ನು ಕೊಂಡಿದ್ದೇವೆ. ಏಪ್ರಿಲ್‌ನಲ್ಲಿ ಬಿಸಿಲು ಬಂದ ಕೂಡಲೇ ಸಮಾಮಿಶ್ ಸರೋವರದಲ್ಲಿ, ಸ್ವಲ್ಪ ರೂಢಿಯಾದ ಮೇಲೆ ಪ್ಯೂಜೆಟ್ ಸೌಂಡ್ ಎಂಬ ಕಡಲ ಚಾಚಿನಲ್ಲಿ ಹುಟ್ಟು ಹಾಕಬೇಕೆಂಬ ಆಸೆಯಿದೆ. ನನ್ನ ಹೆಂಡತಿಗೆ ಈಜು ಅಷ್ಟಾಗಿ ಬಾರದು, ಆದ್ದರಿಂದ ಅವಳು ಲೈಫ್ ಜಾಕೆಟ್ ತೊಡುತ್ತಾಳೆ. ನನ್ನದನ್ನು ಕಾಲ ಬಳಿ ಇಟ್ಟುಕೊಂಡರೆ ಸಾಲದೇ? ಹೈಪೋಥರ್ಮಿಯಾ ಆಗುವುದಕ್ಕೆ ಅರ್ಧ ಗಂಟೆಯಾದರೂ ಬೇಕೆಂದು ಓದಿದ್ದೇನೆ. ದೋಣಿ ಮಗುಚಿದರೂ ಅಷ್ಟರೊಳಗೆ ಈಜಿ ದಡ ಸೇರಲಾರೆನೇ?

ಉತ್ತರ: ಕಾಲ ಬಳಿ ಇಟ್ಟುಕೊಂಡ ಲೈಫ್ ಜಾಕೆಟ್ ಸಾಲದು. ದಡ ಬಿಡುವ ಮುನ್ನವೇ ಅದು ನಿಮ್ಮ ಮೈಮೇಲಿರಬೇಕು, ಅದರ ಬಕಲ್‌ಗಳೆಲ್ಲ ಬಿಗಿದಿರಬೇಕು. ಇಷ್ಟು ಖಡಾಖಂಡಿತವಾಗಿ ಹೇಳುತ್ತಿರುವುದು ನಿಮ್ಮ ಈಜಿನ ಮೇಲೆ ನಂಬಿಕೆಯಿಲ್ಲದೆ ಅಲ್ಲ. ನೀವು ಓದಿರುವ ಅರ್ಧ ಗಂಟೆಯ ಲೆಕ್ಕವೂ ತಪ್ಪಲ್ಲ. ವಯಸ್ಕರೊಬ್ಬರ ದೇಹದೊಳಗಿನ ಉಷ್ಣತೆ 35 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿಯಲು, ಅಂದರೆ ವೈದ್ಯರು ಹೈಪೋಥರ್ಮಿಯಾ ಎನ್ನುವ ಸ್ಥಿತಿ ತಲುಪಲು, ಕೊರೆಯುವ ನೀರಿನಲ್ಲೂ ಸಾಮಾನ್ಯವಾಗಿ ಅರ್ಧ ಗಂಟೆಯಷ್ಟು ಹೊತ್ತು ಹಿಡಿಯುತ್ತದೆ. ಆದರೆ ಆ ಲೆಕ್ಕ ಅನ್ವಯಿಸುವುದು ಅಷ್ಟು ಹೊತ್ತು ಬಾಯಿ, ಮೂಗನ್ನು ನೀರಿನ ಮೇಲೆ ಇಟ್ಟುಕೊಂಡಿರಲು ಸಾಧ್ಯವಾದವರಿಗೆ ಮಾತ್ರ. ತಣ್ಣೀರಿಗೆ ಹಠಾತ್ತನೆ ಬಿದ್ದು ಪ್ರಾಣ ಕಳೆದುಕೊಳ್ಳುವವರಲ್ಲಿ ಬಹಳಷ್ಟು ಮಂದಿ ಅಲ್ಲಿಯವರೆಗೆ ತಲುಪುವುದೇ ಇಲ್ಲ. ದೇಹ ತಣ್ಣಗಾಗುವುದಕ್ಕೆ ಎಷ್ಟೋ ಮೊದಲೇ, ಹಲವು ಸಲ ಮೊದಲ ಒಂದೆರಡು ನಿಮಿಷಗಳಲ್ಲೇ, ಅವರು ನೀರು ಕುಡಿದು ಮುಳುಗಿರುತ್ತಾರೆ.

ಮಲೆನಾಡಿನಲ್ಲಿ ಬೆಳೆದ ನಿಮಗೆ ಇದರ ಮೂಲ ಅನುಭವ ಈಗಾಗಲೇ ಇದೆ. ಪುಷ್ಯ ಮಾಸದ ನಸುಕಿನಲ್ಲಿ, ಬಚ್ಚಲೊಲೆಗೆ ಇನ್ನೂ ಉರಿ ಹಾಕದಿರುವಾಗ, ರಾತ್ರಿಯಿಡೀ ಅಂಗಳದ ತೊಟ್ಟಿಯಲ್ಲಿ ನಿಂತ ನೀರನ್ನು ಯಾರಾದರೂ ತಂಬಿಗೆಯಲ್ಲಿ ಎತ್ತಿ ನೆತ್ತಿಗೆ ಸುರಿದರೆ ಏನಾಗುತ್ತಿತ್ತು ಎಂಬುದನ್ನು ನೆನಪಿಸಿಕೊಳ್ಳಿ. ಬಾಯಿ ತಾನಾಗಿ ತೆರೆದುಕೊಂಡು ಉಸಿರು ಹಾ ಎಂದು ಒಳಕ್ಕೆ ನುಗ್ಗುತ್ತದೆ. ಅದನ್ನು ಹೊರಗೆ ಬಿಡುವ ಮುನ್ನವೇ ಇನ್ನೊಂದು ಉಸಿರು, ಅದರ ಹಿಂದೆಯೇ ಮತ್ತೊಂದು. ಮಾತಾಡಲು ಹೋದರೆ ಸ್ವರ ಹೊರಡುವುದಿಲ್ಲ. ಇದು ಅಂಜಿಕೆಯೂ ಅಲ್ಲ, ದೌರ್ಬಲ್ಯವೂ ಅಲ್ಲ. ಚರ್ಮದ ತಾಪ ಒಮ್ಮೆಲೇ ಕುಸಿದಾಗ ನರಗಳು ಮಿದುಳನ್ನು ಕೇಳದೆಯೇ ನಡೆಸಿಬಿಡುವ ಕ್ರಿಯೆ. ತಜ್ಞರು ಇದನ್ನು ಕೋಲ್ಡ್ ಶಾಕ್ ಎನ್ನುತ್ತಾರೆ. ನಾವು ತಣ್ಣೀರಿನ ಆಘಾತ ಎನ್ನೋಣ. ಬಚ್ಚಲುಮನೆಯಲ್ಲಿ ಇದು ನಗೆಯಲ್ಲಿ ಮುಗಿಯುತ್ತದೆ, ಏಕೆಂದರೆ ಅಲ್ಲಿ ಬಾಯಿಯ ಸುತ್ತ ಇರುವುದು ಗಾಳಿ. ಅದೇ ಏದುಸಿರು ದೋಣಿ ಮಗುಚಿ ತಲೆ ನೀರಿನೊಳಗಿರುವ ಕ್ಷಣದಲ್ಲಿ ಬಂದರೆ ಶ್ವಾಸಕೋಶಕ್ಕೆ ಹೋಗುವುದು ನೀರು. ದೊಡ್ಡದೊಂದು ಏದುಸಿರು ಎರಡು-ಮೂರು ಲೀಟರ್ ಎಳೆದುಕೊಳ್ಳಬಲ್ಲದು.

ಆಘಾತದ ಉಳಿದ ಭಾಗವೂ ಕಡಿಮೆಯದಲ್ಲ. ನಿಮಿಷಕ್ಕೆ ಹನ್ನೆರಡರಿಂದ ಹದಿನಾರು ಸಲ ಆಡುವ ಉಸಿರು ನಾಲ್ಕು ಪಟ್ಟು ಏರಬಹುದು. ದಡದಲ್ಲಿ ಕುಳಿತು ಒಂದು ನಿಮಿಷ ಉಸಿರು ಬಿಗಿಹಿಡಿಯುವವರಿಗೆ ಆ ನೀರಿನಲ್ಲಿ ಹತ್ತು ಸೆಕೆಂಡು ಹಿಡಿಯುವುದೂ ಕಷ್ಟವಾಗುತ್ತದೆ. ಮಗುಚಿದ ಕಯಾಕ್‌ನ ಕೆಳಗಿಂದ ಹೊರಬರುವುದಕ್ಕೆ, ಸಿಕ್ಕಿಕೊಂಡ ಕಾಲನ್ನು ಬಿಡಿಸಿಕೊಳ್ಳುವುದಕ್ಕೆ ಬೇಕಾದ ಸಮಯ ಹೆಚ್ಚುಕಡಿಮೆ ಅಷ್ಟೇ ಎಂಬುದನ್ನು ಗಮನಿಸಬೇಕು. ಅತಿಯಾಗಿ ಉಸಿರಾಡಿದ್ದರಿಂದ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಇಳಿದು ತಲೆ ಸುತ್ತುತ್ತದೆ, ಬೆರಳ ತುದಿಗಳು ಜುಮುಗುಡುತ್ತವೆ, ಕಣ್ಣು ಮಂಜಾಗುತ್ತದೆ. ಚರ್ಮದ ರಕ್ತನಾಳಗಳು ಒಮ್ಮೆಲೇ ಕುಗ್ಗುವುದರಿಂದ ರಕ್ತದೊತ್ತಡ ಏರುತ್ತದೆ, ಹೃದಯದ ಬಡಿತ ಹೆಚ್ಚುತ್ತದೆ. ಇದೆಲ್ಲದರ ಜೊತೆಗೆ ಮುಖ ತಣ್ಣೀರಿನಲ್ಲಿ ಮುಳುಗಿದಾಗ ಹೃದಯವನ್ನು ನಿಧಾನಗೊಳಿಸುವ ಮತ್ತೊಂದು ಸಹಜ ಪ್ರತಿಕ್ರಿಯೆಯೂ ನಮ್ಮಲ್ಲಿದೆ. ಓಡು ಎನ್ನುವ ಆಜ್ಞೆ ಒಂದು ಕಡೆಯಿಂದ, ನಿಲ್ಲು ಎನ್ನುವ ಆಜ್ಞೆ ಇನ್ನೊಂದು ಕಡೆಯಿಂದ ಏಕಕಾಲಕ್ಕೆ ಬಂದಾಗ ಹೃದಯದ ಲಯ ತಪ್ಪಬಹುದು. ಆರೋಗ್ಯವಂತ ಯುವಕರಲ್ಲಿ ಅದು ಬಹುಮಟ್ಟಿಗೆ ತಾನಾಗಿ ಸರಿಹೋಗುತ್ತದೆ. ಆದರೆ ಭಾರತೀಯ ಮೂಲದವರಲ್ಲಿ ಹೃದಯದ ರಕ್ತನಾಳಗಳ ಕಾಯಿಲೆ ಇತರರಿಗಿಂತ ಚಿಕ್ಕ ವಯಸ್ಸಿಗೇ ಕಾಣಿಸಿಕೊಳ್ಳುತ್ತದೆಂಬುದು ನನ್ನ ವೃತ್ತಿಯಲ್ಲಿ ಎಲ್ಲರೂ ಬಲ್ಲ ಸಂಗತಿ. ನಲವತ್ತು ದಾಟಿದವರು, ಬಿ.ಪಿ., ಸಕ್ಕರೆ ಕಾಯಿಲೆ ಇರುವವರು ಈ ಒಂದು ಮಾತನ್ನು ಪ್ರತ್ಯೇಕವಾಗಿ ನೆನಪಿಡಬೇಕು.

ಇಷ್ಟಕ್ಕೆಲ್ಲ ನೀರು ಮಂಜುಗಡ್ಡೆಯಂತಿರಬೇಕಿಲ್ಲ. ಆಘಾತ ಸುಮಾರು 25 ಡಿಗ್ರಿಗಿಂತ ತಣ್ಣಗಿನ ನೀರಿನಲ್ಲಿ ಶುರುವಾಗಿ, 10ರಿಂದ 15 ಡಿಗ್ರಿಯ ಹೊತ್ತಿಗೆ ತನ್ನ ಪೂರ್ಣ ಬಲಕ್ಕೆ ಬಂದಿರುತ್ತದೆ. ಅದಕ್ಕಿಂತ ತಣ್ಣಗಿನ ನೀರು ಉಸಿರಿನ ಮಟ್ಟಿಗೆ ಹೆಚ್ಚೇನೂ ಸೇರಿಸುವುದಿಲ್ಲ. ಮಲ್ಪೆಯ ಕಡಲು ವರ್ಷದ ಬಹುಕಾಲ 27ರಿಂದ 30 ಡಿಗ್ರಿ ಇರುತ್ತದೆ. ನಮ್ಮ ಹೊಳೆಗಳೂ ಬೇಸಿಗೆಯಲ್ಲಿ ಅದಕ್ಕಿಂತ ಬಹಳ ಕೆಳಗಿರುವುದಿಲ್ಲ. ಸಮಾಮಿಶ್ ಸರೋವರ ಏಪ್ರಿಲ್‌ನಲ್ಲಿ 10 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಪ್ಯೂಜೆಟ್ ಸೌಂಡ್ ವರ್ಷವಿಡೀ ಸುಮಾರು 8ರಿಂದ 13 ಡಿಗ್ರಿಯ ನಡುವೆಯೇ ಇದ್ದು, ಆಗಸ್ಟ್‌ನಲ್ಲೂ ಅಷ್ಟಾಗಿ ಬಿಸಿಯಾಗುವುದಿಲ್ಲ. ನೀರಿಗಿಳಿದ ಮೇಲೆ ಚಳಿಯೇನು ಮಳೆಯೇನು ಎಂಬ ನಮ್ಮ ಗಾದೆ ತುಂಗೆಗೆ ನಿಜ. ತುಂಗೆಯಲ್ಲಿ ನೀವು ಕಲಿತ ಈಜೂ ನಿಜವಾದ ಈಜೇ. ಆದರೆ ಅದನ್ನು ಕಲಿತ ನೀರಿನಲ್ಲಿ ಈ ಆಘಾತ ಹೆಚ್ಚುಕಡಿಮೆ ಇರಲೇ ಇಲ್ಲ. ಆದ್ದರಿಂದ ಅದನ್ನು ಎದುರಿಸುವ ಅಭ್ಯಾಸ ನಿಮ್ಮ ದೇಹಕ್ಕೆ ಆಗಿಲ್ಲ.

ಏಪ್ರಿಲ್, ಮೇ ತಿಂಗಳುಗಳೇ ಮೋಸಗೊಳಿಸುವ ಕಾಲ. ಗಾಳಿ 22 ಡಿಗ್ರಿಗೆ ಏರಿ, ತಿಂಗಳುಗಟ್ಟಲೆ ಮೋಡ ಕಂಡವರೆಲ್ಲ ಅರ್ಧ ತೋಳಿನ ಅಂಗಿಯಲ್ಲಿ ಹೊರಬೀಳುತ್ತಾರೆ. ಆದರೆ ನೀರು ಇನ್ನೂ ಚಳಿಗಾಲದಲ್ಲೇ ಇರುತ್ತದೆ, ಏಕೆಂದರೆ ಅಷ್ಟು ದೊಡ್ಡ ಜಲರಾಶಿ ಬಿಸಿಯಾಗಲು ತಿಂಗಳುಗಳೇ ಬೇಕು. ಅದೇ ಸಮಯದಲ್ಲಿ ಕ್ಯಾಸ್ಕೇಡ್ ಪರ್ವತಗಳ ಹಿಮ ಕರಗಿ ಸ್ನೋಕ್ವಾಲ್ಮಿ, ಸ್ಕೈಕೋಮಿಶ್ ಮುಂತಾದ ನದಿಗಳು ತುಂಬಿ ಹರಿಯುತ್ತವೆ. ಬಿಸಿಲು ಹೆಚ್ಚಿದಷ್ಟೂ ಅವುಗಳ ನೀರು ಹೆಚ್ಚುತ್ತದೆಯೇ ಹೊರತು ಬಿಸಿಯಾಗುವುದಿಲ್ಲ. ಆ ನದಿಗಳ ಮಾತು ಸದ್ಯಕ್ಕೆ ಬೇಡ. ಹೊಸಬರು ಅಲ್ಲಿಗೆ ಹೋಗಲೇಬಾರದು.

ನಾನು ಅಮೆರಿಕದ ಈ ಪಶ್ಚಿಮ ಕರಾವಳಿಯ ಆಸ್ಪತ್ರೆಯೊಂದರ ತುರ್ತು ಚಿಕಿತ್ಸಾ ವಿಭಾಗದಲ್ಲಿ ಬಹಳ ವರ್ಷ ಕೆಲಸ ಮಾಡಿದ್ದೇನೆ. ಆದರೂ ಈ ವಿಷಯ ನನಗೆ ಮನದಟ್ಟಾದದ್ದು ರಕ್ಷಣಾ ತರಬೇತಿಯೊಂದರಲ್ಲಿ ನಾನೇ ನೀರಿಗೆ ಇಳಿದ ದಿನ. ನೀರು 9 ಡಿಗ್ರಿ ಇತ್ತು. ಲೈಫ್ ಜಾಕೆಟ್ ತೊಟ್ಟಿದ್ದೆ, ಪಕ್ಕದಲ್ಲಿ ರಕ್ಷಣಾ ದೋಣಿ ನಿಂತಿತ್ತು, ಏನಾಗಲಿದೆಯೆಂದು ಪುಸ್ತಕದಿಂದ ಪೂರ್ತಿ ತಿಳಿದಿತ್ತು. ಕಟ್ಟೆಯಿಂದ ಹಾರಿದೆ. ನೀರಿನ ಮೇಲೆ ಬಂದಾಗ ತರಬೇತುದಾರರು ನನ್ನ ಹೆಸರು ಕೇಳಿದರು. ಹೆಸರಿನ ಮೊದಲ ಅಕ್ಷರ ಕೂಡ ಬಾಯಿಂದ ಬರಲಿಲ್ಲ. ಎದೆಗೆ ಯಾರೋ ಹಗ್ಗ ಬಿಗಿದಂತಿತ್ತು, ಉಸಿರು ಒಳಗೇ ಹೋಗುತ್ತಿತ್ತು, ಕೈಗಳು ನನ್ನ ಮಾತು ಕೇಳದೆ ನೀರನ್ನು ಬಡಿಯುತ್ತಿದ್ದವು. ಹೆಸರು ಹೇಳಲು ಆದದ್ದು ಸುಮಾರು ಒಂದೂವರೆ ನಿಮಿಷದ ನಂತರ. ಆಮೇಲೆ ಇನ್ನೊಂದು ಜಾಕೆಟ್ ಕೊಟ್ಟು, ನೀರಿನಲ್ಲಿದ್ದುಕೊಂಡೇ ಅದರ ಬಕಲ್ ಹಾಕಿ ತೋರಿಸಿ ಎಂದರು. ಮೊದಲ ಪ್ರಯತ್ನದಲ್ಲಿ ಹಾಕಿದೆ. ಆರನೆಯ ನಿಮಿಷಕ್ಕೆ ಅದೇ ಬಕಲ್ಲಿನ ಎರಡು ತುದಿಗಳು ಕೈಯಲ್ಲಿದ್ದರೂ ಒಂದರೊಳಗೆ ಇನ್ನೊಂದು ಸೇರಲಿಲ್ಲ. ಕಣ್ಣಿಗೆ ಕಾಣುತ್ತಿತ್ತು, ಬೆರಳಿಗೆ ತಿಳಿಯುತ್ತಿರಲಿಲ್ಲ. ಕಿರುಬೆರಳು ಉಳಿದ ಬೆರಳುಗಳಿಂದ ಅಗಲಿ ಒಂದು ಕಡೆ ನಿಂತಿತ್ತು. ಅದನ್ನು ಜೊತೆಗೆ ಸೇರಿಸಲು ಎಷ್ಟು ಯತ್ನಿಸಿದರೂ ಆಗಲಿಲ್ಲ. ನಿಮ್ಮ ಜಾಕೆಟ್ ಕಾಲ ಬಳಿ ಇದ್ದರೆ ಅದನ್ನು ನೀವು ತೊಡಬೇಕಾಗುವುದು ಈ ಕೈಗಳಿಂದ, ಆ ಏದುಸಿರಿನ ನಡುವೆ, ಅದೂ ಜಾಕೆಟ್ ನಿಮ್ಮ ಕೈಗೆಟುಕುವಷ್ಟು ಹತ್ತಿರದಲ್ಲಿ ತೇಲುತ್ತಿದ್ದರೆ. ಯುದ್ಧಕಾಲೇ ಶಸ್ತ್ರಾಭ್ಯಾಸ ಎಂದರೆ ಇದೇ.

ತಣ್ಣೀರಿನ ಪರಿಣಾಮಗಳ ಸಂಶೋಧಕರಾದ ಕೆನಡಾದ ಮ್ಯಾನಿಟೋಬಾ ವಿಶ್ವವಿದ್ಯಾಲಯದ ಗಾರ್ಡನ್ ಗೀಸ್‌ಬ್ರೆಕ್ಟ್ ಅವರು ಈ ಹಂತಗಳನ್ನು ಒಂದು, ಹತ್ತು, ಒಂದು ಎಂದು ನೆನಪಿಡಲು ಕಲಿಸುತ್ತಾರೆ: ಉಸಿರನ್ನು ಹತೋಟಿಗೆ ತರಲು ಒಂದು ನಿಮಿಷ, ಕೈಕಾಲು ಕೆಲಸಕ್ಕೆ ಬರುವುದು ಹತ್ತು ನಿಮಿಷ, ಚಳಿಯಿಂದ ಪ್ರಜ್ಞೆ ತಪ್ಪಲು ಒಂದು ಗಂಟೆ. ನೀರಿನ ತಾಪ, ಮೈಯ ಕೊಬ್ಬು, ತೊಟ್ಟ ಬಟ್ಟೆ ಇವುಗಳಿಗೆ ತಕ್ಕಂತೆ ಅಂಕಿಗಳು ಹಿಂದುಮುಂದಾಗುತ್ತವೆ, ಆದರೆ ಕ್ರಮ ಬದಲಾಗುವುದಿಲ್ಲ. ನಿಮ್ಮ ಯೋಜನೆ ಮೂರನೆಯ ಅಂಕಿಯನ್ನು ಮಾತ್ರ ನಂಬಿಕೊಂಡು ನಿಂತಿದೆ. ಲೈಫ್ ಜಾಕೆಟ್ ಇಲ್ಲದವರು ಆ ಮೂರನೆಯ ಹಂತವನ್ನು ನೋಡುವುದೇ ಅಪರೂಪ.

ತಣ್ಣೀರಿನ ಸಾವೆಂದರೆ ನಿಧಾನವಾಗಿ ಹೆಪ್ಪುಗಟ್ಟುವುದು ಎಂಬ ಚಿತ್ರ ನಮ್ಮೆಲ್ಲರ ಮನಸ್ಸಿನಲ್ಲಿ ಕೂತದ್ದಕ್ಕೆ ಟೈಟಾನಿಕ್ ದುರಂತವೂ ಒಂದು ಕಾರಣವೆಂದು ನಾನು ಭಾವಿಸಿದ್ದೇನೆ. 1912ರ ಏಪ್ರಿಲ್ 15ರ ನಸುಕಿನ 2 ಗಂಟೆ 20 ನಿಮಿಷಕ್ಕೆ ಆ ಹಡಗು ಮುಳುಗಿದಾಗ ಸಮುದ್ರದ ನೀರು ಸೊನ್ನೆಗಿಂತ ಸುಮಾರು 2 ಡಿಗ್ರಿ ಕೆಳಗಿತ್ತು. ನೆರವಿಗೆ ಹೊರಟ ಕಾರ್ಪೇಥಿಯಾ ಹಡಗು ಅಲ್ಲಿಗೆ ಬಂದದ್ದು 4 ಗಂಟೆಯ ಹೊತ್ತಿಗೆ. ಅಷ್ಟರಲ್ಲಿ ನೀರಿನಲ್ಲಿದ್ದವರು ಹೆಚ್ಚುಕಡಿಮೆ ಎಲ್ಲರೂ ಸತ್ತಿದ್ದರು, ಅವರಲ್ಲಿ ನೂರಾರು ಮಂದಿ ಲೈಫ್ ಜಾಕೆಟ್ ತೊಟ್ಟು ತೇಲುತ್ತಲೇ ಇದ್ದರು. ಜಾಕೆಟ್ ಇದ್ದುದರಿಂದಲೇ ಅವರಲ್ಲಿ ಅನೇಕರಿಗೆ ಮೊದಲ ನಿಮಿಷ ದಾಟಲು ಸಾಧ್ಯವಾಗಿ, ಚಳಿ ಅವರನ್ನು ಕೊಲ್ಲುವಷ್ಟು ಸಮಯ ಸಿಕ್ಕಿತು. ಸಣ್ಣ ದೋಣಿಗಳಿಂದ ಬೀಳುವವರ ಕತೆ ಬೇರೆ: ಅಲ್ಲಿ ಜಾಕೆಟ್ ಇರುವುದಿಲ್ಲ, ದಡ ಕಾಣುತ್ತಿರುತ್ತದೆ, ಎಲ್ಲವೂ ಒಂದೆರಡು ನಿಮಿಷದಲ್ಲಿ ಮುಗಿದಿರುತ್ತದೆ.

ದಡ ಹತ್ತಿರವಿದೆಯೆಂಬ ಸಮಾಧಾನ, ಈಜು ಬರುತ್ತದೆಂಬ ಧೈರ್ಯ, ಇವೆರಡನ್ನೂ ಅಂಕಿ ಅಂಶಗಳು ಬಹಳ ಹಿಂದೆಯೇ ಅಲುಗಿಸಿವೆ. 1977ರಲ್ಲಿ ಬ್ರಿಟನ್ನಿನ ಗೃಹ ಇಲಾಖೆಯ ವರದಿಯೊಂದು ತೆರೆದ ನೀರಿನಲ್ಲಾದ ಸಾವುಗಳನ್ನು ಪರಿಶೀಲಿಸಿದಾಗ, ಸತ್ತವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಸುರಕ್ಷಿತ ನೆಲೆಯೊಂದರಿಂದ 3 ಮೀಟರಿನೊಳಗೇ ಇದ್ದರೆಂದೂ, ಮೂರರಲ್ಲಿ ಎರಡು ಪಾಲು ಜನ ಒಳ್ಳೆಯ ಈಜುಗಾರರೆನಿಸಿಕೊಂಡವರೆಂದೂ ಕಂಡುಬಂತು. ಮೂರು ಮೀಟರ್ ಎಂದರೆ ನಿಮ್ಮ ಇಬ್ಬರ ಕಯಾಕ್‌ನ ಉದ್ದಕ್ಕಿಂತಲೂ ಕಡಿಮೆ. 1999ರಲ್ಲಿ ಬ್ರಿಟನ್ನಿನ ಪೋರ್ಟ್ಸ್‌ಮತ್ ವಿಶ್ವವಿದ್ಯಾಲಯದ ಸಂಶೋಧಕ ಮೈಕ್ ಟಿಪ್ಟನ್ ಮತ್ತು ಅವರ ಸಂಗಡಿಗರು ಪ್ರಕಟಿಸಿದ ಪ್ರಯೋಗದಲ್ಲಿ ಹತ್ತು ಮಂದಿ ಈಜುಗಾರರು ಮೂರು ಬಗೆಯ ನೀರಿನಲ್ಲಿ ತೊಂಬತ್ತು ನಿಮಿಷ ಈಜಲು ಯತ್ನಿಸಿದರು. 25 ಡಿಗ್ರಿಯಲ್ಲಿ ಹತ್ತೂ ಜನ ಮುಗಿಸಿದರು, 18 ಡಿಗ್ರಿಯಲ್ಲಿ ಎಂಟು ಜನ, 10 ಡಿಗ್ರಿಯಲ್ಲಿ ಐದೇ ಜನ. ಬಿಟ್ಟವರಲ್ಲಿ ಕಂಡ ಬದಲಾವಣೆ ಗಮನಾರ್ಹ: ಕೈ ಬೀಸು ಗಿಡ್ಡವಾಗುತ್ತ, ಅವಸರವಾಗುತ್ತ ಹೋಗುತ್ತದೆ, ಕಾಲುಗಳು ಕೆಳಗಿಳಿದು ಮೈ ನೀರಿನಲ್ಲಿ ಅಡ್ಡಲಾಗಿರುವ ಬದಲು ನೆಟ್ಟಗಾಗುತ್ತದೆ, ಕೊನೆಗೆ ಎಷ್ಟು ಶ್ರಮಪಟ್ಟರೂ ಮುಂದೆ ಸಾಗುವುದು ನಿಲ್ಲುತ್ತದೆ. ಅವರು ಸಿದ್ಧತೆ ಮಾಡಿಕೊಂಡು, ತಾವಾಗಿ, ಪರೀಕ್ಷಕರ ಕಣ್ಣೆದುರು ಈಜಿದವರು. ಬಟ್ಟೆ, ಶೂ ಸಹಿತ ಅನಿರೀಕ್ಷಿತವಾಗಿ ಬಿದ್ದವರಿಗೆ ಆ ಅನುಕೂಲ ಯಾವುದೂ ಇರುವುದಿಲ್ಲ.

ಕೈಕಾಲು ಮೊದಲು ಸೋಲುವುದು ದೇಹ ತನ್ನನ್ನು ಕಾಪಾಡಿಕೊಳ್ಳುವ ಕ್ರಮದಿಂದಲೇ. ನೀರು ಗಾಳಿಗಿಂತ ಸುಮಾರು 25 ಪಟ್ಟು ಚೆನ್ನಾಗಿ ಶಾಖವನ್ನು ಸಾಗಿಸುತ್ತದೆ. ಆದ್ದರಿಂದ ಹೃದಯ, ಮಿದುಳುಗಳ ಬಿಸಿ ಉಳಿಸಲು ದೇಹ ಕೈಕಾಲುಗಳ ರಕ್ತವನ್ನು ಒಳಕ್ಕೆ ಕರೆದುಕೊಳ್ಳುತ್ತದೆ. ಮುಂಗೈಯ ಸ್ನಾಯುಗಳು ಸುಮಾರು 27 ಡಿಗ್ರಿಗಿಂತ ತಣ್ಣಗಾದ ಮೇಲೆ ಹಿಡಿತ ಸಡಿಲುತ್ತದೆ, ನರಗಳ ಸಂದೇಶ ನಿಧಾನವಾಗುತ್ತದೆ, ಬೆರಳು ಮರಗಟ್ಟುತ್ತದೆ. ಆದ್ದರಿಂದ ಕೈಯ ಕೌಶಲ ಬೇಕಾದ ಕೆಲಸಗಳೆಲ್ಲ, ಸೀಟಿ ಹುಡುಕುವುದು, ಫೋನ್ ತೆಗೆಯುವುದು, ಹಗ್ಗ ಕಟ್ಟುವುದು, ಮೊದಲ ಕೆಲವು ನಿಮಿಷಗಳಲ್ಲೇ ಆಗಬೇಕು.

ಇನ್ನು ಜಾಕೆಟ್ಟಿನ ವಿಷಯ. ಕಾನೂನಿನ ಮಟ್ಟಿಗೆ ನಿಮ್ಮ ಯೋಚನೆ ಸರಿಯಾಗಿಯೇ ಇದೆ. ನೀವಿರುವ ವಾಷಿಂಗ್ಟನ್ ರಾಜ್ಯದಲ್ಲಿ ಕಯಾಕ್ ಸೇರಿದಂತೆ ಪ್ರತಿ ದೋಣಿಯಲ್ಲೂ ತಲೆಗೊಂದರಂತೆ ಅಳತೆಗೊಪ್ಪುವ ಲೈಫ್ ಜಾಕೆಟ್ ಇರಬೇಕು. 19 ಅಡಿಗಿಂತ ಚಿಕ್ಕ ದೋಣಿ ಸಾಗುತ್ತಿರುವಾಗ 12 ವರ್ಷ ಮತ್ತು ಅದಕ್ಕಿಂತ ಕಿರಿಯರು ಅದನ್ನು ತೊಟ್ಟಿರಲೇಬೇಕು. ದೊಡ್ಡವರು ಜೊತೆಗಿಟ್ಟುಕೊಂಡರೆ ಸಾಕು. ಕಾನೂನು ಅಲ್ಲಿಗೆ ನಿಂತಿದ್ದರೂ ಸಾವಿನ ಲೆಕ್ಕ ಅಲ್ಲಿಗೆ ನಿಲ್ಲುವುದಿಲ್ಲ. ಅಮೆರಿಕದ ಕರಾವಳಿ ಕಾವಲು ಪಡೆಯಾದ ಕೋಸ್ಟ್ ಗಾರ್ಡ್ ಪ್ರತಿವರ್ಷ ಪ್ರಕಟಿಸುವ ದೋಣಿ ಅಪಘಾತಗಳ ವರದಿಯಲ್ಲಿ ಒಂದು ಅಂಶ ಹೆಚ್ಚುಕಡಿಮೆ ಬದಲಾಗದೆ ಉಳಿದುಬಂದಿದೆ: ಮುಳುಗಿ ಸತ್ತವರಲ್ಲಿ ಐದರಲ್ಲಿ ನಾಲ್ಕು ಪಾಲಿಗಿಂತ ಹೆಚ್ಚು ಜನ ಜಾಕೆಟ್ ತೊಟ್ಟಿರಲಿಲ್ಲ. ಕಯಾಕ್‌ಗೆ ಗಾಳಿ ತುಂಬುವ ಬಗೆಗಿಂತ ಫೋಮ್ ತುಂಬಿದ ಬಗೆಯೇ ಉತ್ತಮವೆಂಬುದು ನನ್ನ ಅಭಿಪ್ರಾಯ. ಅದಕ್ಕೆ ಯಾವ ದಾರವನ್ನೂ ಎಳೆಯಬೇಕಿಲ್ಲ, ಎದೆಯನ್ನು ಸ್ವಲ್ಪ ಬೆಚ್ಚಗೂ ಇಡುತ್ತದೆ. ತೊಟ್ಟು ಬಿಗಿದ ಮೇಲೆ ಇನ್ನೊಬ್ಬರು ಅದರ ಹೆಗಲ ಪಟ್ಟಿಗಳನ್ನು ಹಿಡಿದು ಮೇಲಕ್ಕೆತ್ತಲಿ. ಅದು ಗಲ್ಲವನ್ನು ದಾಟಿ ಕಿವಿಯ ತನಕ ಬಂದರೆ ಸಡಿಲವಾಗಿದೆಯೆಂದು ಅರ್ಥ.

ಬಟ್ಟೆಯ ಸೂತ್ರ ಚಿಕ್ಕದು: ಗಾಳಿಯ ತಾಪ ನೋಡಬೇಡಿ, ನೀರಿನ ತಾಪ ನೋಡಿ ತೊಡಿ. ಸಮಾಮಿಶ್ ಮತ್ತು ವಾಷಿಂಗ್ಟನ್ ಸರೋವರಗಳಲ್ಲಿ ಕಿಂಗ್ ಕೌಂಟಿ ಆಡಳಿತ ಮಾಪಕಗಳನ್ನು ತೇಲಿಬಿಟ್ಟು ನೀರಿನ ತಾಪವನ್ನು ಪ್ರಕಟಿಸುತ್ತದೆ. ಹೊರಡುವ ಮುನ್ನ ನೋಡುವುದಕ್ಕೆ ಒಂದು ನಿಮಿಷ ಸಾಕು. ಸುಮಾರು 15 ಡಿಗ್ರಿಗಿಂತ ಕಡಿಮೆಯಿದ್ದರೆ ವೆಟ್‌ಸೂಟ್ (ಮೈಗಂಟಿ ಬಿಸಿ ಉಳಿಸುವ ದಪ್ಪ ರಬ್ಬರಿನ ಉಡುಪು), ಪ್ಯೂಜೆಟ್ ಸೌಂಡ್‌ಗೆ ಸಾಧ್ಯವಾದರೆ ಡ್ರೈಸೂಟ್ (ನೀರು ಒಳಹೋಗದ ಉಡುಪು) ಮತ್ತು ಅದರೊಳಗೆ ಉಣ್ಣೆಯದೋ ಫ್ಲೀಸಿನದೋ ಒಳ ಉಡುಪು ಬೇಕು. ಡ್ರೈಸೂಟ್ ದುಬಾರಿಯೆಂಬುದು ನಿಜ, ಮೊದಲ ವರ್ಷ ಬಾಡಿಗೆಗೆ ಪಡೆಯಬಹುದು. ಜೀನ್ಸ್, ಹತ್ತಿಯ ಟೀ ಶರ್ಟ್ ಬೇಡ. ಆದರೆ ಏನು ತೊಟ್ಟಿದ್ದರೂ ಬಿದ್ದ ಮೇಲೆ ಬಟ್ಟೆ ಬಿಚ್ಚಲು ಹೋಗಬೇಡಿ. ಬಟ್ಟೆಯ ಪದರಗಳಲ್ಲಿ ಸಿಕ್ಕಿಕೊಂಡ ಗಾಳಿ ಮೊದಲ ನಿಮಿಷಗಳಲ್ಲಿ ನಿಮ್ಮನ್ನು ತೇಲಿಸುತ್ತದೆ, ಮೈಗಂಟಿದ ನೀರಿನ ಪದರ ಸ್ವಲ್ಪವಾದರೂ ಬಿಸಿ ಉಳಿಸುತ್ತದೆ. ಬಿಯರ್ ಡಬ್ಬಿಗಳು ದಡದಲ್ಲೇ ಉಳಿಯಲಿ.

ಬಿದ್ದಾಗ ಮಾಡಬೇಕಾದ ಮೊದಲ ಕೆಲಸ ಈಜುಗಾರರಿಗೆ ಒಪ್ಪಿಗೆಯಾಗುವುದೇ ಕಷ್ಟ, ಏಕೆಂದರೆ ಆ ಕೆಲಸ ಈಜದಿರುವುದು. ಬ್ರಿಟನ್ನಿನ ಜೀವರಕ್ಷಕ ದೋಣಿ ಸಂಸ್ಥೆಯಾದ ಆರ್‌ಎನ್‌ಎಲ್‌ಐ ಹಲವು ವರ್ಷಗಳಿಂದ ಇದನ್ನೇ ಸಾರುತ್ತಿದೆ: ಬದುಕಲು ಮೊದಲು ತೇಲಿ. ತಲೆಯನ್ನು ಹಿಂದಕ್ಕೆ ಒರಗಿಸಿ, ಕಿವಿಗಳು ನೀರಿನಲ್ಲಿ ಮುಳುಗಿದರೂ ಚಿಂತೆಯಿಲ್ಲ, ಕೈಕಾಲುಗಳನ್ನು ಹಗುರವಾಗಿ ಚಾಚಿ, ಉಸಿರು ಹತೋಟಿಗೆ ಬರುವವರೆಗೆ ಬರೇ ತೇಲಬೇಕು. ಕಯಾಕ್ ಕೈಗೆಟುಕುವಂತಿದ್ದರೆ ಅದನ್ನು ಹಿಡಿದುಕೊಳ್ಳಿ, ಅಲೆಗಳಿಗೆ ಬೆನ್ನು ಮಾಡಿ. ಒಂದರಿಂದ ಎರಡು ನಿಮಿಷದಲ್ಲಿ ಏದುಸಿರು ಖಂಡಿತ ಇಳಿಯುತ್ತದೆ. ಇದು ಮೊದಲೇ ಗೊತ್ತಿರುವವರು ಗಾಬರಿಯಾಗದೆ ಕಾಯಬಲ್ಲರು. ತಿಳಿಯದವರು ತಮಗೆ ಹೃದಯಾಘಾತವೇ ಆಯಿತೆಂದುಕೊಂಡು ದಡದ ಕಡೆ ಬಡಿದಾಡಿ ಆ ನಿಮಿಷದಲ್ಲೇ ಶಕ್ತಿ ಕಳೆದುಕೊಳ್ಳುತ್ತಾರೆ.

ಉಸಿರು ಸರಿಹೋದ ಮೇಲೆ ನಿಮ್ಮ ಹತ್ತು ನಿಮಿಷ ಶುರು. ಮೊದಲ ಪ್ರಯತ್ನ ದೋಣಿಯ ಮೇಲೆ ಹತ್ತುವುದಕ್ಕೆ. ಹತ್ತಲಾಗದಿದ್ದರೆ ಮಗುಚಿದ ದೋಣಿಯ ಬೆನ್ನ ಮೇಲಾದರೂ ಎದೆಯಿಂದ ಮೇಲಿನ ಭಾಗವನ್ನು ಎಳೆದುಕೊಳ್ಳಿ. ನೀರಿನಿಂದ ಎಷ್ಟು ಮೈ ಹೊರಗೆ ಬಂದರೂ ಅಷ್ಟು ಲಾಭವೇ, ಗಾಳಿ ಬೀಸಿ ಹೆಚ್ಚು ಚಳಿಯೆನಿಸಿದರೂ ಕೂಡ. ಜೊತೆಗೇ ಸಹಾಯಕ್ಕೆ ಕರೆಯಬೇಕು. ಸೀಟಿ ಜಾಕೆಟ್ಟಿಗೇ ಕಟ್ಟಿರಬೇಕು, ಫೋನ್ ನೀರು ಹೋಗದ ಚೀಲದಲ್ಲಿ ನಿಮ್ಮ ಮೈಮೇಲಿರಬೇಕು. ದೋಣಿಯ ಡಬ್ಬದಲ್ಲಿಟ್ಟ ಫೋನ್ ದೋಣಿಯೊಂದಿಗೇ ತೇಲಿಹೋಗುತ್ತದೆ. ಪ್ಯೂಜೆಟ್ ಸೌಂಡ್‌ಗೆ ಹೋಗುವ ದಿನ ದೋಣಿಗಳು ಪರಸ್ಪರ ಮಾತಾಡಲು ಬಳಸುವ ವಿಎಚ್‌ಎಫ್ ರೇಡಿಯೊ ಇರಲಿ, ತುರ್ತು ಕರೆಗೆ 16ನೆಯ ಚಾನೆಲ್. ದೋಣಿ ಕೈತಪ್ಪಿ ಹೋಗಿ ಕಾಯುವುದೊಂದೇ ದಾರಿಯಾದರೆ ಮೊಣಕಾಲುಗಳನ್ನು ಎದೆಗೆ ಮಡಚಿ, ತೋಳುಗಳನ್ನು ಪಕ್ಕೆಗೆ ಅವುಚಿ ಮುದುಡಿಕೊಳ್ಳಬೇಕು. ಇಬ್ಬರಿದ್ದರೆ ಎದೆಗೆ ಎದೆ ಸೇರಿಸಿ ತಬ್ಬಿಕೊಂಡಿರಬೇಕು. ಕೆನಡಾದ ವಿಕ್ಟೋರಿಯಾ ವಿಶ್ವವಿದ್ಯಾಲಯದ ಸಂಶೋಧಕರು 1970ರ ದಶಕದಲ್ಲಿ ರೂಪಿಸಿದ ಈ ಭಂಗಿ ಲೈಫ್ ಜಾಕೆಟ್ ಇದ್ದರೆ ಮಾತ್ರ ಸಾಧ್ಯ.

ನೀರಿನಿಂದ ಎತ್ತಿದ ಮೇಲೂ ಅಪಾಯ ಮುಗಿಯುವುದಿಲ್ಲ. ನಮ್ಮ ಮನೆಗಳ ಒಳ್ಳೆಯ ಉದ್ದೇಶದ ಉಪಚಾರಗಳೇ ಇಲ್ಲಿ ಕೆಡುಕು ಮಾಡಬಲ್ಲವು. ಬಹಳ ಹೊತ್ತು ನೀರಿನಲ್ಲಿದ್ದವರ ಮೈಗೆ ನೀರಿನ ಒತ್ತಡವೇ ಒಂದು ಆಸರೆಯಾಗಿರುತ್ತದೆ. ಅವರನ್ನು ನೆಟ್ಟಗೆ ಮೇಲೆತ್ತಿದಾಗ ಆ ಆಸರೆ ತಪ್ಪಿ ರಕ್ತದೊತ್ತಡ ಕುಸಿದು, ಅಲ್ಲಿಯವರೆಗೆ ಮಾತಾಡುತ್ತಿದ್ದವರು ರಕ್ಷಿಸಿದವರ ಕೈಯಲ್ಲೇ ಕುಸಿಯುವುದುಂಟು. 1979ರ ಫಾಸ್ಟ್‌ನೆಟ್ ಹಾಯಿದೋಣಿ ಸ್ಪರ್ಧೆಯಲ್ಲಿ ಬಿರುಗಾಳಿಗೆ ಸಿಕ್ಕಿ 15 ಮಂದಿ ಸ್ಪರ್ಧಿಗಳು ಸತ್ತ ನಂತರ ಈ ಕುಸಿತದ ಬಗ್ಗೆ ಬಹಳ ಚರ್ಚೆ ನಡೆಯಿತು. ಆದ್ದರಿಂದ ಸಾಧ್ಯವಾದಷ್ಟು ಮಲಗಿಸಿದ ಭಂಗಿಯಲ್ಲೇ ಎತ್ತಬೇಕು, ಮಲಗಿಸಿಯೇ ಇಡಬೇಕು, ಓಡಾಡಿಸಬಾರದು. ಕೈಕಾಲು ಉಜ್ಜಬೇಡಿ, ಎಣ್ಣೆ ತಿಕ್ಕಬೇಡಿ, ಬಿಸಿನೀರಿನ ಸ್ನಾನ ಮಾಡಿಸಬೇಡಿ, ಬ್ರಾಂದಿಯ ಮಾತೇ ಬೇಡ. ಒದ್ದೆ ಬಟ್ಟೆಯನ್ನು ಮೆಲ್ಲನೆ ಕತ್ತರಿಸಿ ತೆಗೆದು, ಒಣ ಕಂಬಳಿ ಸುತ್ತಿ, ಎದೆ ಮತ್ತು ಕಂಕುಳಿಗೆ ಹದವಾದ ಶಾಖ ಕೊಡಿ. ಪೂರ್ಣ ಎಚ್ಚರವಿದ್ದು ನಡುಗುತ್ತಿದ್ದರೆ ಸಕ್ಕರೆ ಹಾಕಿದ ಬೆಚ್ಚನೆಯ ಪಾನೀಯ ಕೊಡಬಹುದು. ನಡುಕ ನಿಂತು ಮಾತು ತೊದಲುತ್ತಿದ್ದರೆ ಸುಧಾರಿಸಿದರೆಂದು ಭಾವಿಸಬೇಡಿ, ಅದು ಹದಗೆಟ್ಟ ಲಕ್ಷಣ. ತಕ್ಷಣ ಅಮೆರಿಕದ ತುರ್ತು ಸಂಖ್ಯೆ 911ಕ್ಕೆ ಕರೆ ಮಾಡಿ. ನೀರು ಎಳೆದುಕೊಂಡು ಕೆಮ್ಮುತ್ತಿರುವವರನ್ನು, ಅವರು ಎಷ್ಟೇ ಬೇಡವೆಂದರೂ, ಆಸ್ಪತ್ರೆಗೆ ತೋರಿಸಲೇಬೇಕು.

ದೇಹವನ್ನು ತಣ್ಣೀರಿಗೆ ಒಗ್ಗಿಸಿಕೊಂಡರೆ ಆಗದೇ ಎಂದು ನೀವು ಮುಂದೆ ಕೇಳಬಹುದು. ಎರಡು-ಮೂರು ನಿಮಿಷಗಳ ಐದಾರು ಮುಳುಗುಗಳಿಂದ ಆಘಾತದ ತೀವ್ರತೆ ಅರ್ಧದಷ್ಟು ಇಳಿಯುತ್ತದೆಂದು ಪ್ರಯೋಗಗಳು ತೋರಿಸಿವೆ. ಅದನ್ನು ಮಾಡುವುದಾದರೆ ಹೃದಯದ ತಪಾಸಣೆ ಮಾಡಿಸಿಕೊಂಡು, ಅನುಭವಿಗಳ ಜೊತೆಯಲ್ಲಿ, ಕಾಲು ನೆಲಕ್ಕೆ ಎಟುಕುವ ಕಡೆ ಮಾಡಬೇಕು. ಆದರೆ ಉಸಿರು ಒಗ್ಗಿತೆಂದ ಮಾತ್ರಕ್ಕೆ ಬೆರಳುಗಳ ಹಿಡಿತ ಉಳಿಯುವುದಿಲ್ಲ, ಜಾಕೆಟ್ಟಿನ ಅಗತ್ಯವೂ ತಪ್ಪುವುದಿಲ್ಲ.

ಕೊನೆಯದಾಗಿ ನಿಮ್ಮ ಹೆಂಡತಿಯವರ ವಿಷಯ. ಇಬ್ಬರು ಕೂರುವ ಕಯಾಕ್ ಮಗುಚಿದರೆ ಇಬ್ಬರೂ ಒಟ್ಟಿಗೇ ಬೀಳುತ್ತೀರಿ. ಜಾಕೆಟ್ ತೊಟ್ಟ ಅವರು ತೇಲುತ್ತಾರೆ, ಜಾಕೆಟ್ ಇಲ್ಲದ ನೀವು ಏದುಸಿರು ಬಿಡುತ್ತ ಅವರನ್ನೇ ಹಿಡಿದುಕೊಳ್ಳಬೇಕಾಗುತ್ತದೆ. ನಿಮ್ಮ ಪತ್ರದಲ್ಲಿರುವ ಯೋಜನೆಯಂತೆ ಈಜು ಬಾರದವರ ಮೇಲೆ ಈಜು ಬಲ್ಲವರ ಭಾರ ಬೀಳುತ್ತದೆ. ಆದ್ದರಿಂದ ಏಪ್ರಿಲ್‌ನ ಪ್ರವಾಸವನ್ನು ಮುಂದೂಡಿ ಎಂಬುದು ನನ್ನ ಸಲಹೆ. ಜುಲೈ ಕೊನೆಯ ಹೊತ್ತಿಗೆ ಸಮಾಮಿಶ್‌ನ ಮೇಲುನೀರು 20 ಡಿಗ್ರಿ ದಾಟಿರುತ್ತದೆ. ಗಾಳಿಯಿಲ್ಲದ ಒಂದು ಬೆಳಗ್ಗೆ, ಎದೆಮಟ್ಟದ ನೀರಿನಲ್ಲಿ, ಇಬ್ಬರೂ ಜಾಕೆಟ್ ತೊಟ್ಟು, ತರಬೇತುದಾರರೊಬ್ಬರನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಕಯಾಕನ್ನು ಬೇಕೆಂದೇ ಮಗುಚಿ. ಒಬ್ಬರು ಒಂದು ಮಗ್ಗುಲಿನಿಂದ ದೋಣಿ ಹೊರಳದಂತೆ ಹಿಡಿದುಕೊಂಡಿರುವಾಗ ಇನ್ನೊಬ್ಬರು ಎದುರು ಮಗ್ಗುಲಿನಿಂದ ಕಾಲು ಬಡಿದು ಹೊಟ್ಟೆಯ ಮೇಲೆ ಹತ್ತುವುದನ್ನು, ಆಮೇಲೆ ಮೇಲಿದ್ದವರು ಹುಟ್ಟನ್ನು ನೀರಿನ ಮೇಲೆ ಚಪ್ಪಟೆಯಾಗಿ ಒತ್ತಿ ಸಮತೋಲ ಕೊಡುವಾಗ ಉಳಿದವರು ಹತ್ತುವುದನ್ನು, ಎರಡೂ ಸರದಿಯಲ್ಲಿ ಅದಲುಬದಲಾಗಿ ಅಭ್ಯಾಸ ಮಾಡಿ. ಮೊದಲ ದಿನ ಹತ್ತು ಸಲವಾದರೂ ಜಾರಿ ಬೀಳುತ್ತೀರಿ. ನಿಂತ ನೀರಿನಲ್ಲಿ ಇಬ್ಬರೂ ಮೂರು ನಿಮಿಷದೊಳಗೆ ಮತ್ತೆ ಕೂರುವಂತಾದ ಮೇಲೆ, ಬರುವ ವರ್ಷದ ವಸಂತದಲ್ಲಿ, ವೆಟ್‌ಸೂಟ್ ತೊಟ್ಟು, ದಡದ ಹತ್ತಿರವೇ ಅದನ್ನು ಮತ್ತೊಮ್ಮೆ ಮಾಡಿನೋಡಿ. ಪ್ಯೂಜೆಟ್ ಸೌಂಡ್‌ಗೆ ಹೋಗಬಹುದೇ ಎಂಬ ಪ್ರಶ್ನೆಗೆ ಉತ್ತರ ನಿಮಗೆ ಆ ದಿನವೇ ಸಿಗುತ್ತದೆ.